ಕೀಟನಾಶಕಕ್ಕೆ ಕನ್ನಡ, ಅಮ್ಮನ ಮಾತ್ರೆಗೆ ಇಂಗ್ಲಿಷ್!



ಮುಂದಿನ ಸಲ ಊರಿಗೆ ಹೋದಾಗ ಗೊಬ್ಬರದ ಅಂಗಡಿಗೆ ಹೋಗಿ ಒಂದು ಕೀಟನಾಶಕದ ಬಾಟಲಿ ಕೈಗೆತ್ತಿಕೊಳ್ಳಿ. ತಿರುಗಿಸಿ ನೋಡಿ. ಅದರ ಮೈಮೇಲೆ ಕನ್ನಡ ಇರುತ್ತದೆ. ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಮೈಗೆ ತಾಗಿದರೆ ಏನು ಮಾಡಬೇಕು, ಎಲ್ಲವೂ ನಮ್ಮ ಭಾಷೆಯಲ್ಲಿ. ಓದಲು ಬಾರದವನಿಗೂ ತಿಳಿಯಲಿ ಅಂತ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಬೇರೆ. ಇದು ಕಂಪನಿಯವರ ಔದಾರ್ಯ ಅಲ್ಲ, ಕಾನೂನು. 1971ರ ಕೀಟನಾಶಕ ನಿಯಮಗಳ ಪ್ರಕಾರ ಲೇಬಲ್ಲು ಹಿಂದಿ, ಇಂಗ್ಲಿಷ್ ಜೊತೆಗೆ ಅದು ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲೂ ಇರಲೇಬೇಕು.

ಈಗ ನಿಮ್ಮ ಬೀದಿಯ ಮೆಡಿಕಲ್ ಸ್ಟೋರಿಗೆ ಹೋಗಿ. ಒಂದು ಸ್ಟಿರಾಯ್ಡ್ ಮಾತ್ರೆಯ ಪಟ್ಟಿ ಕೇಳಿ ನೋಡಿ. ತಪ್ಪಾಗಿ ನುಂಗಿದರೆ ಮನುಷ್ಯನ ಮೂಳೆ ಸವೆಸುವ, ಕಣ್ಣಿಗೆ ಪೊರೆ ತರುವ, ಸಕ್ಕರೆ ಏರಿಸುವ, ದಿಢೀರನೆ ಬಿಟ್ಟರೆ ಪ್ರಾಣಕ್ಕೇ ಎರವಾಗುವ ಔಷಧಿ. ಅದರ ಮೇಲೆ ಕನ್ನಡ ಎಲ್ಲಿದೆ? ಹುಡುಕಿ. ಭೂತಗನ್ನಡಿ ಹಿಡಿದು ಹುಡುಕಿ. ಸಿಕ್ಕರೆ ನನಗೂ ತಂದು ತೋರಿಸಿ!

ಬದನೆಕಾಯಿಯ ಹುಳುವನ್ನು ಕೊಲ್ಲುವ ಔಷಧಿಗೆ ಕನ್ನಡ ಕಡ್ಡಾಯ. ಬದನೆಕಾಯಿ ತಿನ್ನುವ ಮನುಷ್ಯನ ಔಷಧಿಗೆ ಕಡ್ಡಾಯ ಇಲ್ಲ. ಇದು ಯಾವ ನ್ಯಾಯ ಸ್ವಾಮಿ?

ನಾನು ಡಾಕ್ಟರ್ ಅಲ್ಲ. ಪಿಯುಸಿಗೆ ಓದು ನಿಲ್ಲಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್, ಡಾಕ್ಟರುಗಳ ಚೀಟಿ ಪ್ಯಾಡು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಔಷಧಿಯ ವಿಷಯ ಬರೆಯಲು ನನಗೇನು ಹಕ್ಕು ಅಂತ ನೀವು ಕೇಳಬಹುದು. ಹಕ್ಕು ಹೇಗೆ ಬಂತು ಹೇಳುತ್ತೇನೆ, ಕೇಳಿ.

ಅಮ್ಮನ ಕಥೆ

ನನ್ನ ಅಮ್ಮನಿಗೆ ಕೀಲುವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಲೋಟ ಹಿಡಿದರೆ ಜಾರಿ ಬೀಳುತ್ತಿತ್ತು. 2023ರಲ್ಲಿ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಒಳ್ಳೆಯ ಡಾಕ್ಟರೇ. ಬೇರೆ ಮಾತ್ರೆಗಳ ಜೊತೆ ಪ್ರೆಡ್ನಿಸೊಲೋನ್ ಅಂತ ಒಂದು ಮಾತ್ರೆ ಬರೆದುಕೊಟ್ಟರು. ಹತ್ತೇ ದಿನ! ಅಮ್ಮ ತಾನೇ ಜಡೆ ಹಾಕಿಕೊಂಡಳು, ತಾನೇ ಹಿಟ್ಟು ನಾದಿದಳು. "ದೇವರಂಥ ಡಾಕ್ಟರಪ್ಪ" ಅಂತ ಬೀದಿಯಲ್ಲೆಲ್ಲಾ ಹೇಳಿಕೊಂಡು ಬಂದಳು.

ನಾಲ್ಕು ತಿಂಗಳು ಹೀಗೇ ನಡೆಯಿತು. ಮುಖ ದುಂಡಗಾಗುತ್ತಾ ಬಂತು. ಪಕ್ಕದ ಮನೆಯವರು "ಏನಮ್ಮಾ, ಮುಖ ಊದಿಕೊಂಡಂಗಿದೆ, ಆ ಮಾತ್ರೆದೇ ಇರಬೇಕು" ಅಂದರು. ನೋವಂತೂ ಇಲ್ಲ, ಮಾತ್ರೆ ಇನ್ನು ಯಾಕೆ ಅಂತ ಅಮ್ಮ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟಳು. ನಾಲ್ಕೈದು ದಿನಕ್ಕೆ ಸುಸ್ತು, ವಾಂತಿ, ತಲೆಸುತ್ತು. ಒಂದು ಬೆಳಿಗ್ಗೆ ಬಚ್ಚಲುಮನೆ ಬಾಗಿಲಲ್ಲೇ ಕುಸಿದಳು. ಆಸ್ಪತ್ರೆಗೆ ಹಾಕಿದಾಗ ರಕ್ತದೊತ್ತಡ ಪಾತಾಳಕ್ಕೆ ಇಳಿದಿತ್ತು.

ಅಲ್ಲಿನ ಡ್ಯೂಟಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಇವರು ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರಾ? ನಿಲ್ಲಿಸಿದರಾ?" ನಾನು ತಲೆ ಅಲ್ಲಾಡಿಸಿದೆ. "ಸ್ಟಿರಾಯ್ಡಾ? ಅದೆಲ್ಲಾ ಜಿಮ್ಮಿಗೆ ಹೋಗುವ ಹುಡುಗರು ತೆಗೆದುಕೊಳ್ಳೋದಲ್ವಾ ಸಾರ್?" ಅಂದೆ. ತಮ್ಮ ಮನೆಗೆ ಓಡಿ ಅಡುಗೆಮನೆಯ ಶೆಲ್ಫಿನಲ್ಲಿ ಸಾಸಿವೆ ಡಬ್ಬಿ ಹಿಂದೆ ಸಿಕ್ಕಿಸಿದ್ದ ಚೀಟಿ ತಂದ. ಡಾಕ್ಟರು ನೋಡಿದರು. ಕೆಳಗೆ, ಮೂಲೆಯಲ್ಲಿ, ಇಂಗ್ಲಿಷಿನಲ್ಲಿ ಒಂದು ಸಾಲು ಗೀಚಿತ್ತು. "ದಿಢೀರನೆ ನಿಲ್ಲಿಸಬಾರದು" ಅಂತ ಅದರರ್ಥ.

ಬರೆದಿತ್ತು, ಗೆಳೆಯರೇ. ಬರೆದೇ ಇತ್ತು! ನಾಲ್ಕು ತಿಂಗಳು ನಮ್ಮ ಅಡುಗೆಮನೆಯಲ್ಲೇ ಇತ್ತು.

ಅಮ್ಮ ಓದು ಬಾರದವಳಲ್ಲ. ದಿನಾ ಪೇಪರನ್ನು ಮೊದಲ ಪುಟದಿಂದ ನಿಧನ ವಾರ್ತೆಯವರೆಗೆ ಓದುತ್ತಾಳೆ. ನನ್ನ ಪ್ರೆಸ್ಸಿನ ಲಗ್ನಪತ್ರಿಕೆಗಳ ಪ್ರೂಫಿನಲ್ಲಿ ತಪ್ಪು ಹಿಡಿಯುವವಳೇ ಅವಳು. ಆ ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ ಅವಳು ಮಾತ್ರೆ ಬಿಡುತ್ತಿರಲಿಲ್ಲ. ನಾಲ್ಕು ದಶಕ ಕನ್ನಡ ಓದಿದ ಹೆಂಗಸನ್ನು ಒಂದು ಚೀಟಿ ಅನಕ್ಷರಸ್ಥೆ ಮಾಡಿ ಕೂರಿಸಿತು.

ಇನ್ನೊಂದು ಮಾತು ಹೇಳದಿದ್ದರೆ ನನ್ನದು ಅರ್ಧ ಸತ್ಯವಾಗುತ್ತದೆ. ಆ ಚೀಟಿಯ ಪ್ಯಾಡು ಅಚ್ಚಾಗಿದ್ದು ನನ್ನ ಪ್ರೆಸ್ಸಿನಲ್ಲೇ. ತಲೆಬರಹ ಇಂಗ್ಲಿಷ್, ಸಮಯ ಇಂಗ್ಲಿಷ್, ಅಡಿಯಲ್ಲಿ "ಮುಂದಿನ ಸಲ ಈ ಚೀಟಿ ತನ್ನಿ" ಅನ್ನೋದೂ ಇಂಗ್ಲಿಷ್. ವರ್ಷಗಟ್ಟಲೆ ಸಾವಿರಾರು ಹಾಳೆ ಹೊಡೆದು ಕೊಟ್ಟಿದ್ದೇನೆ. ಒಂದು ದಿನವಾದರೂ "ಸಾರ್, ಇದನ್ನು ಕನ್ನಡದಲ್ಲಿ ಹಾಕೋಣವಾ?" ಅಂತ ಕೇಳಿದವನಲ್ಲ. ನವೆಂಬರ್ ಬಂದರೆ ಪ್ರೆಸ್ಸಿನ ಮುಂದೆ ಬಾವುಟ ಕಟ್ಟುವವನು ನಾನು!

ಅಮ್ಮ ಉಳಿದಳು. ಡ್ರಿಪ್ಪಿನಲ್ಲಿ ಹೈಡ್ರೋಕಾರ್ಟಿಸೋನ್ ಕೊಟ್ಟರು, ಒಂದೆರಡು ದಿನದಲ್ಲಿ ಎದ್ದು ಕೂತಳು. ಅಲ್ಲಿ ನೋಡಿಕೊಂಡ ನರ್ಸಮ್ಮ ಕೇರಳದ ಹುಡುಗಿ. ಬಂದು ಆರು ತಿಂಗಳಾಗಿತ್ತಂತೆ, ಕನ್ನಡ ಕಲಿತು "ಅಮ್ಮಾ, ಊಟ ಆಯ್ತಾ, ಈ ಮಾತ್ರೆ ಬಿಡಬಾರದು" ಅಂತ ಹೇಳಿಕೊಡುತ್ತಿದ್ದಳು. ಪ್ರೆಡ್ನಿಸೊಲೋನ್ ಜಗತ್ತಿಗೆ ಬಂದಿದ್ದು 1955ರ ಸುಮಾರಿಗೆ. ಆ ಹುಡುಗಿ ಆರು ತಿಂಗಳಲ್ಲಿ ಕಲಿತ ಕನ್ನಡವನ್ನು ಆ ಡಬ್ಬಿ 70 ವರ್ಷವಾದರೂ ಕಲಿಯಲಿಲ್ಲ.

ಏನಿದು ಸ್ಟಿರಾಯ್ಡ್?

ಮೊದಲು ಒಂದು ಗೊಂದಲ ಬಿಡಿಸೋಣ. ಜಿಮ್ಮಿನಲ್ಲಿ ಮೈ ಉಬ್ಬಿಸಲು ಕೆಲವರು ಕದ್ದು ಚುಚ್ಚಿಸಿಕೊಳ್ಳುವ ಸ್ಟಿರಾಯ್ಡ್ ಬೇರೆ. ಅದು ಗಂಡು ಹಾರ್ಮೋನಿನ ಜಾತಿ. ನಾನು ಹೇಳುತ್ತಿರುವುದು ಕಾರ್ಟಿಕೊಸ್ಟಿರಾಯ್ಡ್. ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆ ಹಾಕಿದಂತೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. ಅವು ಕಾರ್ಟಿಸಾಲ್ ಅನ್ನುವ ರಸವನ್ನು ದಿನವೂ ತಯಾರಿಸುತ್ತವೆ. ರಕ್ತದೊತ್ತಡ, ಸಕ್ಕರೆ, ಕಾಯಿಲೆ ಬಿದ್ದಾಗ ತಡೆದುಕೊಳ್ಳುವ ಶಕ್ತಿ, ಎಲ್ಲಕ್ಕೂ ಅದು ಬೇಕು. ಆ ರಸದ ಮಾದರಿಯಲ್ಲಿ ಮಾಡಿದ ಔಷಧಿಗಳೇ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಹೈಡ್ರೋಕಾರ್ಟಿಸೋನ್ ಮುಂತಾದವು.

ಇವುಗಳ ಮುಖ್ಯ ಕೆಲಸ ಉರಿಯೂತ ತಗ್ಗಿಸುವುದು. ಉರಿಯೂತ! ಎಂಥ ಪದ ನೋಡಿ. ಉರಿ, ಊತ, ಎರಡೂ ಅದರಲ್ಲೇ ಇವೆ. ರೋಮನ್ನರ ಕಾಲದಿಂದ ವೈದ್ಯರು ಇದಕ್ಕೆ ನಾಲ್ಕು ಲಕ್ಷಣ ಹೇಳುತ್ತಾ ಬಂದಿದ್ದಾರೆ: ಕೆಂಪಾಗುವುದು, ಬಿಸಿಯಾಗುವುದು, ಊದುವುದು, ನೋಯುವುದು. ನಮ್ಮ ಒಂದು ಕನ್ನಡ ಪದ ಎರಡು ಲಕ್ಷಣವನ್ನು ಹೆಸರಿನಲ್ಲೇ ಹೇಳಿಬಿಡುತ್ತದೆ. ಕನ್ನಡದಲ್ಲಿ ವೈದ್ಯ ವಿಜ್ಞಾನ ಹೇಳಲಾಗದು ಅನ್ನುವ ಪಂಡಿತರಿಗೆ ಈ ಒಂದು ಪದ ಸಾಕು. ಸಾಲದಿದ್ದರೆ ಡಾ. ಅನುಪಮಾ ನಿರಂಜನರ 'ತಾಯಿ ಮಗು', 'ದಾಂಪತ್ಯ ದೀಪಿಕೆ' ತೆಗೆದು ನೋಡಲಿ. ನಮ್ಮ ಅಮ್ಮಂದಿರು ಅವನ್ನು ಓದಿಯೇ ಮಕ್ಕಳನ್ನು ಸಾಕಿದರು.

ಈ ಔಷಧಿ ಹುಟ್ಟಿದ ಕಥೆಯೂ ಸ್ವಾರಸ್ಯ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಾಚೆಸ್ಟರ್ ಎಂಬ ಊರಿನ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ಡಾಕ್ಟರು ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಯುವತಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನದಲ್ಲಿ ಆಕೆ ಎದ್ದು ಪೇಟೆಗೆ ಹೋಗಿ ಬಂದಳು! ಜಗತ್ತೇ ಬೆರಗಾಯಿತು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಾಲ್, ಟಾಡಿಯಸ್ ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಆಮೇಲೆ ನಿಧಾನಕ್ಕೆ ಇನ್ನೊಂದು ಮುಖ ಕಂಡಿತು. ಚಂದ್ರನಂತೆ ಊದುವ ಮುಖ, ಸವೆಯುವ ಮೂಳೆ, ಏರುವ ಸಕ್ಕರೆ, ಸೋಂಕಿಗೆ ಬಾಗಿಲು ತೆರೆಯುವ ದೇಹ. ನನ್ನ ಅಮ್ಮನ ಹತ್ತು ದಿನದ ಪವಾಡ, ನಾಲ್ಕು ತಿಂಗಳ ದುಂಡು ಮುಖ, ಎರಡೂ ಡಾಕ್ಟರುಗಳಿಗೆ 70 ವರ್ಷದಿಂದ ಗೊತ್ತಿದ್ದ ವಿಷಯವೇ. ಗೊತ್ತಿಲ್ಲದಿದ್ದುದು ನಮಗೆ ಮಾತ್ರ.

ದಿಢೀರನೆ ಏಕೆ ನಿಲ್ಲಿಸಬಾರದು? ಪ್ರೆಸ್ಸಿನ ಭಾಷೆಯಲ್ಲೇ ಹೇಳುತ್ತೇನೆ. ನನ್ನ ಅಂಗಡಿಗೆ ಹೊರಗಿನಿಂದ ದಿನಾ ಅಚ್ಚಾದ ಹಾಳೆ ಬಂದು ಬೀಳುತ್ತಿದೆ ಅಂದುಕೊಳ್ಳಿ. ನಾನು ನನ್ನ ಮೆಷೀನ್ ಆಫ್ ಮಾಡುತ್ತೇನೆ. ಮೆಷೀನ್ ಮ್ಯಾನ್ ಊರಿಗೆ ಹೋಗುತ್ತಾನೆ. ತಿಂಗಳುಗಟ್ಟಲೆ ನಿಂತ ಮೆಷೀನಿನ ರೋಲರಿನ ಮೇಲೆ ಇಂಕು ಒಣಗಿ ಗಟ್ಟಿಯಾಗುತ್ತದೆ. ಒಂದು ದಿನ ಹೊರಗಿನ ಹಾಳೆ ಏಕಾಏಕಿ ನಿಂತರೆ? ಸ್ವಿಚ್ ಒತ್ತಿದ ಕೂಡಲೇ ಅಚ್ಚು ಬರುವುದಿಲ್ಲ. ಅಡ್ರಿನಲ್ ಗ್ರಂಥಿಯೂ ಹಾಗೇ. ಮಾತ್ರೆಯ ರೂಪದಲ್ಲಿ ಹೊರಗಿನಿಂದ ರಸ ಬರುತ್ತಿದ್ದರೆ ಮಿದುಳು ಆ ಗ್ರಂಥಿಗೆ ಕೆಲಸ ಕೊಡುವುದನ್ನೇ ನಿಲ್ಲಿಸುತ್ತದೆ. ವಾರಗಟ್ಟಲೆ ತೆಗೆದುಕೊಂಡ ಮೇಲೆ ಒಮ್ಮೆಲೇ ಬಿಟ್ಟರೆ ಒಳಗಿನ ರಸವೂ ಇಲ್ಲ, ಹೊರಗಿನದೂ ಇಲ್ಲ. ಒತ್ತಡ ಕುಸಿಯುತ್ತದೆ, ಸಕ್ಕರೆ ಇಳಿಯಬಹುದು, ಮನುಷ್ಯ ಬೀಳುತ್ತಾನೆ. ಆದ್ದರಿಂದಲೇ ಮೆಟ್ಟಿಲು ಇಳಿದಂತೆ ಪ್ರಮಾಣ ಇಳಿಸಬೇಕು. ಎಷ್ಟು ದಿನಕ್ಕೆ ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಓದಿ ಹೆದರಿ ಯಾರೂ ಇವತ್ತೇ ಮಾತ್ರೆ ಬಿಟ್ಟೀರಿ, ಜೋಕೆ! ನಾನು ಸ್ಟಿರಾಯ್ಡ್ ವಿರೋಧಿ ಅಲ್ಲ. ಅಸ್ತಮಾದವರು ಎಳೆದುಕೊಳ್ಳುವ ಎಷ್ಟೋ ಇನ್ಹೇಲರುಗಳಲ್ಲಿ ಇರುವುದು ಇದೇ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆ ಇದ್ದರೆ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಚುಚ್ಚುವುದೂ ಇದೇ. 2020ರ ಜೂನಿನಲ್ಲಿ ಬ್ರಿಟನ್ನಿನ ರಿಕವರಿ ಎಂಬ ಪರೀಕ್ಷೆಯ ಫಲಿತಾಂಶ ಬಂತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟಾಗ ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಪುಡಿಗಾಸಿನ ಮಾತ್ರೆ, ಕೋಟಿ ಬೆಲೆಯ ಜೀವ ಉಳಿಸಿತು.

ಅದೇ ಪರೀಕ್ಷೆ ಇನ್ನೊಂದು ಮಾತನ್ನೂ ಹೇಳಿತ್ತು: ಆಮ್ಲಜನಕ ಬೇಕಾಗದ ರೋಗಿಗಳಿಗೆ ಇದರಿಂದ ಪ್ರಯೋಜನ ಇಲ್ಲ. ಆ ಎರಡನೇ ಸಾಲು ನಮ್ಮ ಮನೆಗಳಿಗೆ ತಲುಪಲಿಲ್ಲ. 2021ರ ಎರಡನೇ ಅಲೆಯಲ್ಲಿ ವಾಟ್ಸಾಪಿನಲ್ಲಿ ಬಂದ ಚೀಟಿ ನೋಡಿ ಜ್ವರ ಬಂದ ಮೊದಲ ದಿನವೇ ಸ್ಟಿರಾಯ್ಡ್ ನುಂಗಿದವರು ಎಷ್ಟು ಜನ! ಆಮೇಲೆ ಬಂತು ಕಪ್ಪು ಶಿಲೀಂಧ್ರ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಜೊತೆಗೆ ಸಿಕ್ಕಾಪಟ್ಟೆ ಸ್ಟಿರಾಯ್ಡ್, ಎರಡೂ ಕೂಡಿದಲ್ಲಿ ಆ ಶಿಲೀಂಧ್ರ ಮೂಗು, ಕಣ್ಣು, ಮಿದುಳಿನವರೆಗೆ ಹತ್ತಿತು. ನಮ್ಮ ರಾಜ್ಯದಲ್ಲೇ ಸಾವಿರಾರು ಮಂದಿಗೆ ಬಂತು. ಕಣ್ಣು ಕಳೆದುಕೊಂಡವರನ್ನು ನಾವೆಲ್ಲಾ ನೋಡಿದ್ದೇವೆ.

ಹುಡುಗರೇ, ಹುಡುಗಿಯರೇ, ಇದು ನಿಮ್ಮ ಮುಖದ ವಿಷಯವೂ ಹೌದು

ಇದೆಲ್ಲಾ ಅಜ್ಜ ಅಜ್ಜಿಯರ ಕಥೆ ಅಂತ ಪುಟ ತಿರುಗಿಸಬೇಡಿ. ಪಿ.ಜಿ.ಯಲ್ಲಿ, ಹಾಸ್ಟೆಲಿನಲ್ಲಿ ಇರುವವರೇ, ನಿಮ್ಮ ಸೋಪಿನ ಡಬ್ಬಿ ಪಕ್ಕದ ಕ್ರೀಮನ್ನು ಕೈಗೆ ತೆಗೆದುಕೊಳ್ಳಿ. ತೊಡೆಸಂದಿನ ತುರಿಕೆಗೆ, ಹುಳುಕಡ್ಡಿಗೆ ಅಂತ ಅಂಗಡಿಯವನು ಕೊಟ್ಟ ಕ್ರೀಮು. ಗೆಳತಿ ಹೇಳಿದಳು ಅಂತ ಬೆಳ್ಳಗಾಗಲು ಹಚ್ಚಿದ ಕ್ರೀಮು. ಅದರ ಮೇಲೆ ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಅನ್ನುವ ಹೆಸರು ಇದೆಯಾ? ಇದ್ದರೆ ನೀವು ಹಚ್ಚುತ್ತಿರುವುದು ಸ್ಟಿರಾಯ್ಡ್.

ಹುಳುಕಡ್ಡಿಗೆ ಸ್ಟಿರಾಯ್ಡ್ ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ. ಯಾಕೆಂದರೆ ಅದು ಉರಿಯೂತವನ್ನು ಅಡಗಿಸಿತು. ಶಿಲೀಂಧ್ರ ಸಾಯಲಿಲ್ಲ. ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದ ಮೇಲೆ ಕಳ್ಳನಿಗೆ ಇನ್ನೇನು ಭಯ? ತೊಡೆಯಲ್ಲಿದ್ದದ್ದು ಸೊಂಟಕ್ಕೆ, ಬೆನ್ನಿಗೆ ಹರಡುತ್ತದೆ. ಮುಖಕ್ಕೆ ಹಚ್ಚಿದರೆ ಮೊದಮೊದಲು ಬೆಳ್ಳಗೆ, ನಯವಾಗಿ ಕಾಣುತ್ತದೆ. ತಿಂಗಳು ಕಳೆದರೆ ಚರ್ಮ ತೆಳುವಾಗುತ್ತದೆ, ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಕೂದಲು ಬೆಳೆಯಬಹುದು. ಬಿಟ್ಟರೆ ಮುಖವೆಲ್ಲಾ ಉರಿ. ಮತ್ತೆ ಹಚ್ಚಬೇಕು. ಚಟ ಹತ್ತಿದ ಹಾಗೆ! ನಮ್ಮ ದೇಶದ ಚರ್ಮವೈದ್ಯರೇ ಇದಕ್ಕೊಂದು ಹೆಸರಿಟ್ಟು ವರ್ಷಗಟ್ಟಲೆ ಹೋರಾಡಿದರು. ಅದರ ಫಲವಾಗಿ 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟಿರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅನ್ನುವ ಪಟ್ಟಿಗೆ ಸೇರಿಸಿತು. ಕಾಗದದ ಮೇಲೆ ಸೇರಿತು. ನಿಮ್ಮ ಬೀದಿಯಲ್ಲಿ ಚೀಟಿ ಕೇಳುತ್ತಾರಾ? ನೀವೇ ಹೇಳಿ.

ಆ ಟ್ಯೂಬಿನ ಮೇಲೆ ಎಚ್ಚರಿಕೆ ಇರುತ್ತದೆ. ಇಂಗ್ಲಿಷಿನಲ್ಲಿ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ಮೊಳೆ ಜೋಡಿಸುತ್ತಿದ್ದ ನನ್ನ ಅಪ್ಪ ಹೇಳುತ್ತಿದ್ದರು: "ಆರು ಪಾಯಿಂಟಿಗಿಂತ ಸಣ್ಣದಾಗಿ ಅಚ್ಚು ಹಾಕಿಸುವವನಿಗೆ ಅದನ್ನು ಯಾರೂ ಓದಬಾರದು ಅಂತಲೇ ಆಸೆ."

ಬೋರ್ಡಿನಲ್ಲಿ 60, ಕಪಾಟಿನಲ್ಲಿ ಸೊನ್ನೆ

ನಾಮಫಲಕದ ಹೋರಾಟ ನೀವೆಲ್ಲಾ ಮಾಡಿದಿರಿ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದಿರಿ, ಲಾಠಿ ತಿಂದಿರಿ, ಜೈಲಿಗೆ ಹೋದಿರಿ. 2024ರಲ್ಲಿ ಬೋರ್ಡಿನ 60 ಭಾಗ ಕನ್ನಡ ಅನ್ನುವುದು ಕಾನೂನಾಯಿತು. ಹೆಮ್ಮೆಯ ವಿಷಯ. ಈಗ ಆ ಮೆಡಿಕಲ್ ಸ್ಟೋರಿನ ಬೋರ್ಡಿನ ಕೆಳಗೆ ಹಾದು ಒಳಗೆ ಹೋಗಿ. ಬೋರ್ಡಿನಲ್ಲಿ 60, ಕಪಾಟಿನಲ್ಲಿ ಸೊನ್ನೆ!

ಬೋರ್ಡು ತಪ್ಪಾದರೆ ಕನ್ನಡಕ್ಕೆ ಅವಮಾನ. ಲೇಬಲ್ಲು ತಪ್ಪಾದರೆ ಕನ್ನಡಿಗನಿಗೆ ಮರಣ. ಯಾವುದು ದೊಡ್ಡದು?

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇದೆ. ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ವಸ್ತುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಲಿ ಅನ್ನುವ ಆಶಯ ಅದರಲ್ಲಿದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಅದಕ್ಕಾಗಿ ಆದೇಶವನ್ನೂ ಹೊರಡಿಸಿತು. ಸಂತೋಷ. ಆದರೆ ನಿಮ್ಮ ಮಾತ್ರೆ ಪಟ್ಟಿ ತಿರುಗಿಸಿ ತಯಾರಾದ ಊರು ನೋಡಿ. ಹಿಮಾಚಲದ ಬದ್ದಿ, ಸಿಕ್ಕಿಂ, ಗುಜರಾತ್ ಅಂತ ಎಷ್ಟು ಇರುತ್ತವೆ! ಅವು ಕರ್ನಾಟಕದಲ್ಲಿ ತಯಾರಾದವಲ್ಲ. ಔಷಧಿಯ ಲೇಬಲ್ಲಿನಲ್ಲಿ ಏನಿರಬೇಕು ಅಂತ ನಿರ್ಧರಿಸುವುದು 1940ರ ಔಷಧಿ ಕಾಯ್ದೆ, 1945ರ ನಿಯಮಗಳು. ಎರಡೂ ಬ್ರಿಟಿಷರ ಕಾಲದ್ದು. ಬಿಳಿಯ ಹೋದ, ಅವನ ಲೇಬಲ್ಲು ಉಳಿಯಿತು. ಆ ನಿಯಮ ತಿದ್ದಬೇಕಾದದ್ದು ದೆಹಲಿಯಲ್ಲಿ. ಅಲ್ಲಿಗೆ ನಾವು 28 ಜನರನ್ನು ಆರಿಸಿ ಕಳಿಸಿದ್ದೇವೆ. ಅವರ ಮನೆಯಲ್ಲೂ ಅಮ್ಮಂದಿರಿಲ್ಲವೇ?

ಚೀಟಿಯ ವಿಷಯಕ್ಕೆ ಬನ್ನಿ. 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಡಾಕ್ಟರುಗಳು ಔಷಧಿಯ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಬೇಕು ಅಂತ ನಿಯಮ ತಂದಿತು. ಕ್ಯಾಪಿಟಲ್ ಅಕ್ಷರ! ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರ ಎಲ್ಲಿದೆ? ಕನ್ನಡದಲ್ಲಿ ಬರೆಯಬಹುದು ಅನ್ನುವ ಯೋಚನೆಯೇ ಅವರ ತಲೆಯಲ್ಲಿ ಸುಳಿದಿರಲಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ? 2024ರ ಸೆಪ್ಟೆಂಬರಿನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ಡಾಕ್ಟರುಗಳು ಕನ್ನಡದಲ್ಲೇ ಚೀಟಿ ಬರೆಯಲಿ ಅಂತ ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕೆಲವರು ನಕ್ಕರು. ನಕ್ಕವರಲ್ಲಿ ಯಾರ ಅಮ್ಮನೂ ಬಚ್ಚಲುಮನೆ ಬಾಗಿಲಲ್ಲಿ ಬಿದ್ದಿರಲಿಕ್ಕಿಲ್ಲ.

"ಆಗುವುದಿಲ್ಲ" ಅನ್ನುವವರಿಗೆ ಒಬ್ಬ ಅಚ್ಚಿನವನ ಉತ್ತರ

"ಔಷಧಿಯ ಹೆಸರನ್ನು ಕನ್ನಡಕ್ಕೆ ಹೇಗ್ರೀ ಅನುವಾದಿಸ್ತೀರಿ?" ಅಂತ ಕೇಳುತ್ತಾರೆ. ಅನುವಾದಿಸಿ ಅಂದವರು ಯಾರು? ಪ್ರೆಡ್ನಿಸೊಲೋನ್ ಜಗತ್ತಿಗೆಲ್ಲಾ ಪ್ರೆಡ್ನಿಸೊಲೋನೇ ಆಗಿರಲಿ. ಅದನ್ನು ಕನ್ನಡ ಅಕ್ಷರದಲ್ಲೂ ಬರೆಯಿರಿ, ಅಷ್ಟೇ. ಇಂಗ್ಲಿಷ್ ಹೆಸರೂ ಇರಲಿ, ಬೇರೆ ಊರಿನ ಡಾಕ್ಟರಿಗೂ ತಿಳಿಯಬೇಕಲ್ಲ. ನಾವು ಕೇಳುತ್ತಿರುವುದು ಸಂಸ್ಕೃತದ ಹೊಸ ಪದ ಅಲ್ಲ. "ಊಟದ ನಂತರ", "ಬೆಳಿಗ್ಗೆ ಒಂದು", "ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ". ಇಷ್ಟು ಹೇಳಲು ಪಂಪನೇ ಎದ್ದು ಬರಬೇಕಾ?

"ಪಟ್ಟಿಯ ಮೇಲೆ ಜಾಗ ಇಲ್ಲ" ಅನ್ನುತ್ತಾರೆ. ಇದು ನನ್ನ ಕಸುಬು, ನನಗೆ ಹೇಳಬೇಡಿ. ಒತ್ತಕ್ಷರ, ಕೊಂಬು, ದೀರ್ಘ ಇರುವುದರಿಂದ ಕನ್ನಡಕ್ಕೆ ಸಾಲಿನ ನಡುವೆ ಸ್ವಲ್ಪ ಹೆಚ್ಚು ಜಾಗ ಬೇಕು, ನಿಜ. ಆದರೆ ಕಂಪನಿಯ ಹೆಸರು, ಲಾಂಛನ, ಬಣ್ಣದ ಪಟ್ಟೆಗೆ ಎಷ್ಟು ಜಾಗ ಇದೆ ನೋಡಿ. ಸಿಗರೇಟು ಪ್ಯಾಕಿನ 85 ಭಾಗ ಎಚ್ಚರಿಕೆಗೆ ಮೀಸಲು ಅಂತ ಸರ್ಕಾರ ಹೇಳಿದಾಗ ಜಾಗ ಸಿಕ್ಕಿತಲ್ಲ? ಪಟ್ಟಿಯಲ್ಲಿ ಆಗದಿದ್ದರೆ ಡಬ್ಬಿಯೊಳಗೆ ಮಡಚಿ ಇಡುವ ಹಾಳೆ ಇದೆ. ಒಂದೇ ಪ್ಲೇಟಿನಲ್ಲಿ ಕಪ್ಪು ಇಂಕಿನಲ್ಲಿ ಎರಡು ಭಾಷೆ ಹೊಡೆದರೆ ಖರ್ಚು ಎಷ್ಟು ಹೆಚ್ಚುತ್ತದೆ? ಪೈಸೆಯ ಲೆಕ್ಕ.

"ಇಷ್ಟೊಂದು ಭಾಷೆ, ಸಾಧ್ಯವೇ?" ಅನ್ನುತ್ತಾರೆ. ಯುರೋಪಿನಲ್ಲಿ ಎಸ್ಟೋನಿಯಾ ಅಂತ ಒಂದು ದೇಶ ಇದೆ. ಜನಸಂಖ್ಯೆ 14 ಲಕ್ಷದೊಳಗೆ. ನಮ್ಮ ಮೈಸೂರು ಜಿಲ್ಲೆಯ ಅರ್ಧದಷ್ಟು! ಅಲ್ಲಿ ಮಾರುವ ಔಷಧಿಯ ಡಬ್ಬಿ, ಒಳಗಿನ ಹಾಳೆ ಎಸ್ಟೋನಿಯನ್ ಭಾಷೆಯಲ್ಲಿರಬೇಕು ಅನ್ನುವುದು ಯುರೋಪ್ ಒಕ್ಕೂಟದ ಕಾನೂನು. ಅಷ್ಟೇ ಅಲ್ಲ, ಕಣ್ಣು ಕಾಣದವರಿಗಾಗಿ ಡಬ್ಬಿಯ ಮೇಲೆ ಬ್ರೈಲ್ ಲಿಪಿಯಲ್ಲೂ ಹೆಸರು ಒತ್ತಿರಬೇಕು. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. 14 ಲಕ್ಷ ಜನರಿಗೆ ಆಗುವುದು 4 ಕೋಟಿ ಜನರಿಗೆ ಆಗುವುದಿಲ್ಲವೇ? ಆಗುವುದಿಲ್ಲ ಅಂತಲ್ಲ, ನಾವು ಕೇಳಲಿಲ್ಲ.

ಹಳೇ ಕಾಲದಲ್ಲಿ ಕಾಂಪೌಂಡರು ಮಿಕ್ಸ್‌ಚರ್ ಬಾಟಲಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಬಿಳಿ ಕಾಗದ ಅಂಟಿಸಿ ಕೊಡುತ್ತಿದ್ದರಂತೆ. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ಅಕ್ಷರ ಬಾರದ ಅಜ್ಜಿಯೂ ತಪ್ಪಿಲ್ಲದೆ ಕುಡಿಯುತ್ತಿದ್ದಳು. ಆ ಕಾಂಪೌಂಡರಿಗೆ ಇದ್ದ ಕಾಳಜಿ ಇಂದಿನ ದೊಡ್ಡ ದೊಡ್ಡ ಕಂಪನಿಗಳಿಗೆ ಇಲ್ಲ ಅಂದರೆ ನಾವು ಮುಂದೆ ಹೋಗಿದ್ದೇವೋ, ಹಿಂದೆ ಬಂದಿದ್ದೇವೋ?

ನಮ್ಮ ಹಕ್ಕೊತ್ತಾಯ

ಒಂದು: 1945ರ ಔಷಧಿ ನಿಯಮಗಳಿಗೆ ತಿದ್ದುಪಡಿ ಆಗಲಿ. ಕೀಟನಾಶಕಕ್ಕೆ ಇರುವ ಭಾಷಾ ನಿಯಮವೇ ಔಷಧಿಗೂ ಬರಲಿ. ಎಲ್ಲಕ್ಕೂ ಒಮ್ಮೆಲೇ ಕಷ್ಟವಾದರೆ ಸ್ಟಿರಾಯ್ಡ್ ಮಾತ್ರೆ, ಸ್ಟಿರಾಯ್ಡ್ ಕ್ರೀಮಿನಿಂದಲೇ ಶುರುವಾಗಲಿ.

ಎರಡು: 2023ರ ಆಗಸ್ಟಿನಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದೇ ಕೋಡ್ ಒತ್ತಿದರೆ ಬಳಸುವ ವಿಧಾನ ಕನ್ನಡದಲ್ಲಿ ಓದಲು, ಕೇಳಲು ಸಿಗಲಿ.

ಮೂರು: ರಾಜ್ಯ ಸರ್ಕಾರ ದೆಹಲಿಗೆ ಕಾಯಬೇಕಿಲ್ಲ. ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಕೊಡುವ ಪ್ರತಿ ಪೊಟ್ಟಣದ ಮೇಲೆ ಕನ್ನಡದ ಸೂಚನೆ ನಾಳೆಯಿಂದಲೇ ಬರಬಹುದು.

ನಾಲ್ಕು: ಬ್ರಿಟನ್ನಿನಲ್ಲಿ ದೀರ್ಘಕಾಲ ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಜೇಬಿನಲ್ಲಿಡಲು ಒಂದು ಕಾರ್ಡು ಕೊಡುತ್ತಾರೆ. ಪ್ರಜ್ಞೆ ತಪ್ಪಿ ಬಿದ್ದರೂ ಕಾರ್ಡು ಮಾತಾಡುತ್ತದೆ. ಅಂಥದ್ದು ನಮಗೂ ಬೇಕು, ಕನ್ನಡದಲ್ಲಿ.

ಕೇಳುವುದು ಸುಲಭ, ಮಾಡುವುದು ಕಷ್ಟ ಅಂತ ನೀವು ಹೇಳುವ ಮೊದಲೇ ನನ್ನ ಪಾಲಿನ ಕೆಲಸ ಮಾಡಿದ್ದೇನೆ. ಅಮ್ಮನನ್ನು ನೋಡಿದ ಡಾಕ್ಟರ ಬಳಿ ಕೂತು, ಅವರು ಹೇಳಿದ್ದನ್ನು ಬರೆದುಕೊಂಡು, ಲಗ್ನಪತ್ರಿಕೆ ಕತ್ತರಿಸಿ ಉಳಿದ ಕಾರ್ಡಿನಲ್ಲಿ ಹೊಡೆದಿದ್ದೇನೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಕನ್ನಡದ ಕಡೆ ಹೀಗಿದೆ:

"ನಾನು ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇದನ್ನು ದಿಢೀರನೆ ನಿಲ್ಲಿಸಬಾರದು. ಅಪಘಾತವಾದರೆ, ಆಪರೇಷನ್ ಇದ್ದರೆ, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಕ್ಷಣ ಡಾಕ್ಟರಿಗೆ ಈ ಕಾರ್ಡ್ ತೋರಿಸಿ. ಮಾತ್ರೆಯ ಹೆಸರು, ಪ್ರಮಾಣ, ಶುರು ಮಾಡಿದ ದಿನ, ಡಾಕ್ಟರ ಫೋನು."

ಯಾವ ಸಂಘಟನೆಯ ಹುಡುಗರು ಬೇಕಾದರೂ ಇದನ್ನು ಎತ್ತಿಕೊಳ್ಳಿ. ನಿಮ್ಮ ಊರಿನ ಡಾಕ್ಟರೊಬ್ಬರಿಗೆ ತೋರಿಸಿ, ತಿದ್ದಿಸಿ, ನಿಮ್ಮ ಊರಿನ ಪ್ರೆಸ್ಸಿನಲ್ಲಿ ಹೊಡೆಸಿ ಹಂಚಿ. ನನ್ನ ಹೆಸರು ಬೇಡ. ನನ್ನ ಆ ಹಳೇ ಡಾಕ್ಟರ ಪ್ಯಾಡೂ ಬದಲಾಯಿತು. ಪ್ರೂಫ್ ತೋರಿಸಲು ಹೋದಾಗ ಎರಡೂ ಭಾಷೆಯಲ್ಲಿ ಮಾಡಿಕೊಂಡು ಹೋದೆ. "ಒಳ್ಳೇದೇ ಆಯಿತು, ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂದರು. ಏನು ಉತ್ತರ ಕೊಡಲಿ?

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಅಮ್ಮನ, ಅಜ್ಜಿಯ, ತಾತನ ಮಾತ್ರೆ ಡಬ್ಬಿ ಮುಂದೆ ಇಟ್ಟುಕೊಂಡು ಕೂತುಕೊಳ್ಳಿ. ಒಂದು ಮಾರ್ಕರ್ ಪೆನ್ನು ತನ್ನಿ. ಯಾವುದಕ್ಕೆ, ಎಷ್ಟು, ಯಾವಾಗ, ನಿಲ್ಲಿಸಬಹುದೋ ಇಲ್ಲವೋ, ಈ ನಾಲ್ಕು ಮಾತನ್ನು ಡಾಕ್ಟರನ್ನೋ ಮೆಡಿಕಲ್ ಸ್ಟೋರಿನವರನ್ನೋ ಕೇಳಿ ಕನ್ನಡದಲ್ಲಿ ಬರೆಯಿರಿ. ಗೊತ್ತಿಲ್ಲದಿದ್ದರೆ ಊಹಿಸಬೇಡಿ, ಕೇಳಿ. ಕನ್ನಡದಲ್ಲೇ ಕೇಳಿ.

ಕನ್ನಡ ಉಳಿಯಬೇಕಾದರೆ ಮೊದಲು ಕನ್ನಡಿಗ ಉಳಿಯಬೇಕು.

ಜೈ ಕರ್ನಾಟಕ!